ವರುಷಕ್ಕೊಂದು ಓನಾಮ

ಬೇಸಗೆಯ ರಜೆ ಮುಗಿಯುತ್ತ ಬಂದು, ರೋಹಿಣಿ ಮಳೆಯ ಮೋಡಗಳು ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ನಾಡಿನಲ್ಲಿ ಎರಡು ಕಾರ್ಯಗಳು ಒಟ್ಟಿಗೆ ಮೊದಲಾಗುವುವು. ಹೊಲದಲ್ಲಿ ಬಿತ್ತನೆ ಮೊದಲಾಗುವುದು. ಊರಿನಲ್ಲಿ ಪಾಠಶಾಲೆಯ ಬಾಗಿಲು ತೆರೆಯುವುದು. ರೈತನು ತನ್ನ ಕೂರಿಗೆಯನ್ನು ಹೊರಗೆ ತೆಗೆದು, ತೊಳೆದು, ಅರಿಸಿನ ಕುಂಕುಮಗಳನ್ನಿಟ್ಟು ಪೂಜಿಸದೆ ಬಿತ್ತನೆಗೆ ಕೈಹಾಕನು. ಕಳೆದ ವರ್ಷ ಬೆಳೆ ಬಂದಿರಲಿ, ಬಾರದಿರಲಿ, ಈ ವರ್ಷದ ಪೂಜೆಯನ್ನು ಅವನು ಬಿಡುವವನಲ್ಲ. ಬೆಳೆ ಕೈಕೊಟ್ಟ ವರ್ಷದ ಮರುವರ್ಷವಂತೂ ಅವನ ಭಕ್ತಿ ಇನ್ನೂ ಒಂದು ತೂಕ ಹೆಚ್ಚಾಗಿಯೇ ಇರುವುದು.

ಅದೇ ವಾರದಲ್ಲಿ ಪಾಠಶಾಲೆಗೆ ಹೊರಡುವ ಮಕ್ಕಳ ವಿಷಯದಲ್ಲಿ ನಾವು ಮಾಡುವುದೇನು? ಮಗುವಿಗೆ ಮೂರೋ ನಾಲ್ಕೋ ಐದೋ ವರ್ಷವಾದಾಗ ಒಂದು ಒಳ್ಳೆಯ ದಿನವನ್ನು ನೋಡಿ ಅಕ್ಷರಾಭ್ಯಾಸವನ್ನು ಮಾಡಿಸುತ್ತೇವೆ. ಅಂದು ಮನೆಯಲ್ಲಿ ತೋರಣವುಂಟು, ಸಿಹಿಯುಂಟು, ನಂಟರಿಷ್ಟರುಂಟು. ಅಲ್ಲಿಗೆ ನಮ್ಮ ಸಂಭ್ರಮವು ಮುಗಿಯಿತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಪಾಠಶಾಲೆ ತೆರೆಯುವ ದಿನವೆಂದರೆ ಶುಲ್ಕ, ಸಮವಸ್ತ್ರ, ಚೀಲ, ಪುಸ್ತಕಗಳ ಪಟ್ಟಿ, ಬೆಳಗಿನ ಗಡಿಬಿಡಿ ಇಷ್ಟೇ ಆಗಿಹೋಗಿದೆ. ಕೂರಿಗೆಗೆ ಪ್ರತಿವರ್ಷವೂ ಸಲ್ಲುವ ಮರ್ಯಾದೆಯು ಮಗುವಿನ ಪುಸ್ತಕಕ್ಕೆ ಜನ್ಮದಲ್ಲೊಮ್ಮೆ ಸಲ್ಲುತ್ತಿರುವುದು. ಅಕ್ಷರಾಭ್ಯಾಸದ ಸಂಪ್ರದಾಯವನ್ನು ಸಣ್ಣ ಪ್ರಮಾಣದಲ್ಲಿ ಪ್ರತಿಯೊಂದು ವರ್ಷವೂ ಮನೆಯೊಳಗೆ ನಡೆಯಿಸಿಕೊಂಡು ಬರುವುದು ಒಳ್ಳೆಯದೆಂದೂ, ಅದರಿಂದ ಕೆಲವು ಮಕ್ಕಳ ವಿದ್ಯೆಯೇ ಉಳಿಯುವುದೆಂದೂ ನಾವು ನಂಬಿರುವೆವು. ಆ ನಂಬಿಕೆಗೆ ಕಾರಣವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಕ್ಕಿಯ ಮೇಲಣ ಅಕ್ಷರ

ಅಕ್ಷರಾಭ್ಯಾಸದ ಕ್ರಮವು ನಮ್ಮ ವಾಚಕರಿಗೆ ಹೊಸದಲ್ಲ. ಮಗುವಿಗೆ ಎಣ್ಣೆನೀರೆರೆದು, ಹೊಸ ಬಟ್ಟೆಯನ್ನು ತೊಡಿಸಿ, ಗಣಪತಿಯನ್ನೂ ಸರಸ್ವತಿಯನ್ನೂ ಪೂಜಿಸಿ, ಹರಿವಾಣದಲ್ಲಿ ಅಕ್ಕಿಯನ್ನು ಹರಡುವರು. ತಂದೆಯೋ ಅಜ್ಜನೋ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅದರ ಬೆರಳನ್ನು ಹಿಡಿದು ಬರೆಯಿಸುವರು. ಕೆಲವು ಮನೆಗಳಲ್ಲಿ ಬೆರಳಿನ ಬದಲು ಅರಿಸಿನದ ಕೊಂಬು, ಕೆಲವು ಮನೆಗಳಲ್ಲಿ ಚಿನ್ನದ ಉಂಗುರ. ಬರೆಯುವುದು ಒಂದು ಕಡೆ ‘ಶ್ರೀ’, ಒಂದು ಕಡೆ ‘ಓಂ’, ಮತ್ತೊಂದು ಕಡೆ ‘ಓಂ ನಮಃ ಶಿವಾಯ’. ಈ ‘ಓಂ ನಮಃ’ ಎಂಬುದೇ ಮಕ್ಕಳ ಬಾಯಲ್ಲಿ ‘ಓನಾಮ’ವಾಗಿ, ಕಡೆಗೆ ಯಾವ ಕೆಲಸದ ಮೊದಲ ಪಾಠಕ್ಕಾದರೂ ಅದೇ ಹೆಸರಾಯಿತು. ಅಡಿಗೆಯ ಓನಾಮವೇ ತಿಳಿಯದೆಂದು ನಾವು ಹೇಳುವಾಗ ಅಕ್ಕಿಯ ಹರಿವಾಣವನ್ನೇ ನೆನೆಯುತ್ತಿರುವೆವು.

ಶೃಂಗೇರಿಯ ಶಾರದಾಂಬೆಯ ಸನ್ನಿಧಿಯಲ್ಲಿಯೂ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿಯೂ ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಮಾಡಿಸುವವರು ಬಹಳ. ವಿಜಯದಶಮಿಯ ದಿನ ಕೊಲ್ಲೂರಿನ ಸರಸ್ವತೀ ಮಂಟಪದಲ್ಲಿ ಕನ್ನಡದ ಮಕ್ಕಳ ಜೊತೆಗೆ ಕೇರಳದಿಂದ ಬಂದ ಮಕ್ಕಳೂ ಸಾಲಾಗಿ ಕುಳಿತಿರುವರು. ಮುಸಲ್ಮಾನರ ಮನೆಗಳಲ್ಲಿಯೂ ಇದಕ್ಕೆ ಹೋಲುವ ಸಂಪ್ರದಾಯವುಂಟು. ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಗಳು ತುಂಬಿದಾಗ, ಹಿರಿಯರು ಹೇಳಿದಂತೆ ದೇವರ ನಾಮವನ್ನು ಮಗುವಿನಿಂದ ಹೇಳಿಸಿ ಓದನ್ನು ಆರಂಭಿಸುವರು. ಇದಕ್ಕೆ ‘ಬಿಸ್ಮಿಲ್ಲಾ’ ಎಂದೇ ಹೆಸರು. ಜೈನ ಪುರಾಣಗಳು ಲಿಪಿಯ ಉತ್ಪತ್ತಿಯನ್ನೇ ಒಂದು ಮನೆಯ ಒಳಗಣ ಕಥೆಯನ್ನಾಗಿ ಹೇಳುತ್ತವೆ. ಆದಿತೀರ್ಥಂಕರನಾದ ವೃಷಭನಾಥನು ತನ್ನ ಮಗಳಾದ ಬ್ರಾಹ್ಮಿಗೆ ಅಕ್ಷರಗಳನ್ನೂ ಮತ್ತೊಬ್ಬ ಮಗಳಾದ ಸೌಂದರಿಗೆ ಅಂಕಗಳನ್ನೂ ಕಲಿಸಿದನಂತೆ. ಈ ವೃಷಭನಾಥನ ಚರಿತ್ರೆಯನ್ನೇ ಪಂಪನು 941ರಲ್ಲಿ ಆದಿಪುರಾಣವೆಂಬ ಹೆಸರಿನಿಂದ ಕನ್ನಡದಲ್ಲಿ ರಚಿಸಿದನು. ಆ ಕಥೆಯ ಪ್ರಕಾರ ಅಕ್ಷರವನ್ನು ಮೊದಲು ಕಲಿತವಳು ಒಬ್ಬ ಹೆಣ್ಣುಮಗಳು, ಕಲಿಸಿದವನು ಅವಳ ತಂದೆ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಕೋರುವೆವು. ಮುಂದೆ ಇದರಿಂದ ಪ್ರಯೋಜನವುಂಟು.

ಇನ್ನೂರು ವರ್ಷಗಳ ಹಿಂದೆ

ಹಿಂದಿನ ಕಾಲದಲ್ಲಿ ಈ ಸಂಪ್ರದಾಯವು ಹೇಗೆ ನಡೆಯುತ್ತಿತ್ತೆಂಬುದಕ್ಕೆ ಒಂದು ಒಳ್ಳೆಯ ದಾಖಲೆಯುಂಟು. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಎಂಬವನು ತನ್ನ ಆಡಳಿತಕ್ಕೆ ಒಳಪಟ್ಟ ಜಿಲ್ಲೆಗಳಲ್ಲಿ ದೇಶೀಯ ಪಾಠಶಾಲೆಗಳೆಷ್ಟು, ಅಲ್ಲಿ ಓದುವವರೆಷ್ಟು ಎಂಬುದನ್ನು ವಿಚಾರಿಸಿ ವರದಿ ಮಾಡಬೇಕೆಂದು ಕಲೆಕ್ಟರುಗಳಿಗೆ ಅಪ್ಪಣೆ ಮಾಡಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿಯು ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಆಗಿನ ಬಳ್ಳಾರಿ ಜಿಲ್ಲೆಯು ಈಗಿನದಕ್ಕಿಂತ ಬಹಳ ವಿಸ್ತಾರವಾಗಿದ್ದಿತು. ಅದರಲ್ಲಿ 533 ಪಾಠಶಾಲೆಗಳಿದ್ದುವೆಂದೂ, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು ಎಂದೂ ಅವನು ಲೆಕ್ಕ ಕೊಟ್ಟಿರುವನು.

ಮಗುವಿಗೆ ಐದು ವರ್ಷವಾದಾಗ ನಡೆಯುತ್ತಿದ್ದ ಕಾರ್ಯವನ್ನು ಅವನು ವಿವರಿಸಿರುವ ಬಗೆಯಿದು. ಮಗುವಿನ ತಂದೆತಾಯಿಗಳು ಉಪಾಧ್ಯಾಯನನ್ನು ಮಾತ್ರವಲ್ಲ, ಪಾಠಶಾಲೆಯ ಮಕ್ಕಳೆಲ್ಲರನ್ನೂ ಮನೆಗೆ ಕರೆಯುವರು. ಎಲ್ಲರೂ ಗಣಪತಿಯ ವಿಗ್ರಹದ ಸುತ್ತಲೂ ವರ್ತುಲಾಕಾರವಾಗಿ ಕುಳಿತುಕೊಳ್ಳುವರು. ಹೊಸ ಮಗುವನ್ನು ವಿಗ್ರಹದ ಇದಿರಿಗೆ ಕುಳ್ಳಿರಿಸುವರು. ಉಪಾಧ್ಯಾಯನು ಧೂಪವನ್ನು ಹಾಕಿ, ನೈವೇದ್ಯವನ್ನು ಅರ್ಪಿಸಿ, ವಿದ್ಯೆಯನ್ನು ಬೇಡುವ ಪ್ರಾರ್ಥನೆಯನ್ನು ಮಗುವಿನಿಂದ ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವನು. ತಂದೆತಾಯಿಗಳು ತಮ್ಮ ಶಕ್ತ್ಯನುಸಾರ ಮರ್ಯಾದೆ ಮಾಡಿ ಅವನನ್ನು ಕಳುಹಿಸಿಕೊಡುವರು. ಮರುದಿನ ಬೆಳಗ್ಗೆ ಮಗುವಿನ ಓದು ಆರಂಭವಾಗುವುದು.

ಈ ವಿವರಣೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಪಾಠಶಾಲೆಯ ಮಕ್ಕಳೆಲ್ಲರೂ ಬರುತ್ತಿದ್ದರೆಂಬ ಸಂಗತಿ. ನಾಳೆ ತಾನು ಹೋಗಬೇಕಾದ ಅಪರಿಚಿತ ಸ್ಥಳದ ಮುಖಗಳನ್ನೆಲ್ಲ ಮಗುವು ಇಂದು ತನ್ನ ಮನೆಯಲ್ಲಿಯೇ, ತನ್ನ ತಾಯಿಯು ಹತ್ತಿರವಿರುವಾಗಲೇ, ನೋಡಿಬಿಡುವುದು. ಮೊದಲ ದಿನ ಬಾಗಿಲಲ್ಲಿ ತಾಯಿಯ ಸೆರಗನ್ನು ಹಿಡಿದು ಅಳುವ ಮಗುವನ್ನು ಕಂಡವರೆಲ್ಲರೂ ಈ ಪದ್ಧತಿಯ ಜಾಣತನವನ್ನು ಬಲ್ಲರು.

ಪಾಠಶಾಲೆಗೆ ಹೋದ ಮೇಲೆ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವರು. ಆಮೇಲೆ ಹಲಗೆ ಅಥವಾ ಕಡತ. ಕಡತವೆಂದರೆ ಬಟ್ಟೆಗೆ ಇದ್ದಲಿನ ಪುಡಿಯನ್ನೂ ಅಂಟನ್ನೂ ಬಳಿದು ಕಪ್ಪಗೆ ಮಾಡಿ ಮಡಿಸಿದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆದು, ಬೇಡವೆಂದಾಗ ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಬೇಲೂರು ಹಳೆಯಬೀಡುಗಳ ಗುಡಿಗಳನ್ನು ಕಡೆದಿರುವುದೂ ಬಳಪದ ಕಲ್ಲಿನಿಂದಲೇ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಕೈಯ ಸಣ್ಣ ಕಡ್ಡಿಗೆ ಒಂದು ಗೌರವವುಂಟಾಗುವುದು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಉಪಾಧ್ಯಾಯನು ಸರಸ್ವತಿಯ ಹೆಸರನ್ನು ಬರೆಯುತ್ತಿದ್ದನೆಂದೂ, ಎರಡನೆಯವನ ಕೈಯಲ್ಲಿ ಸೊನ್ನೆಯನ್ನು ಬರೆಯುತ್ತಿದ್ದನೆಂದೂ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು ಏಟು, ಹೀಗೆ ಬಂದವರಿಗೆಲ್ಲ ಒಂದೊಂದು ಹೆಚ್ಚುತ್ತ ಹೋಗುತ್ತಿದ್ದಿತೆಂದೂ ಕ್ಯಾಂಪ್‌ಬೆಲ್ಲನು ಬರೆದಿರುವನು. ಏಟುಗಳ ಕಾಲವು ಹೋದುದು ಒಳ್ಳೆಯದೇ ಆಯಿತು. ಅಂಗೈಯ ಸರಸ್ವತಿಯು ಮಾತ್ರ ಉಳಿದಿದ್ದರೆ ಚೆನ್ನಾಗಿದ್ದಿತು.

ಮಣೆಯ ಮೇಲೆ ಕುಳಿತವರಾರು?

ಹಳೆಯದೆಲ್ಲವೂ ಹೊನ್ನೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅದೇ ವರದಿಯಲ್ಲಿ ಇನ್ನೊಂದು ಅಂಕಿಯುಂಟು. ಆ 533 ಪಾಠಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳು ಒಟ್ಟು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ನೂರಕ್ಕೆ ಒಬ್ಬಳೂ ಇಲ್ಲ! ಬ್ರಾಹ್ಮಿಯ ಕಥೆಯನ್ನು ಸಾವಿರ ವರ್ಷಗಳಿಂದ ಓದುತ್ತ, ಕೇಳುತ್ತ ಬಂದ ನಾಡಿನಲ್ಲಿ, ವಿದ್ಯೆಯ ಅಧಿದೇವತೆಯನ್ನು ಹೆಣ್ಣೆಂದೇ ಪೂಜಿಸುವ ಮನೆಗಳಲ್ಲಿ, ಮಗಳು ಬಾಗಿಲ ಮರೆಯಲ್ಲಿ ನಿಂತು ಅಣ್ಣತಮ್ಮಂದಿರ ಅಕ್ಷರಾಭ್ಯಾಸವನ್ನು ನೋಡುತ್ತಿದ್ದಳು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರ ಮಕ್ಕಳಿಗೋ ಬಾಗಿಲ ಮರೆಯೂ ದೊರೆಯಲಿಲ್ಲ. ಸಂಪ್ರದಾಯವು ನಮ್ಮದಾದಂತೆ ಈ ಲೋಪವೂ ನಮ್ಮದೇ.

ಆಮೇಲೆ ಕಾಲವು ಬದಲಾಯಿತು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ಆರಂಭವಾಯಿತು. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವುದಕ್ಕೆ ದಾರಿಯಾಗುವಂತೆ ಒಂದು ಕಾನೂನನ್ನು ಮಾಡಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಮಧ್ಯಾಹ್ನದ ಊಟವು ಆಮೇಲೆ ನಾಡಿನ ಎಲ್ಲ ಕಡೆಗಳಿಗೂ ಹಬ್ಬಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6 ವರ್ಷದಿಂದ 14 ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ವಿದ್ಯೆಯನ್ನು ಹಕ್ಕಾಗಿ ಕೊಟ್ಟಿತು. ಈಗ ಸರ್ಕಾರದ ಪಾಠಶಾಲೆಗಳಲ್ಲಿ ವರ್ಷದ ಮೊದಲ ದಿನವನ್ನು ಪ್ರಾರಂಭೋತ್ಸವವೆಂದು ಆಚರಿಸುವರು. ಬಾಗಿಲಿಗೆ ಮಾವಿನ ತೋರಣ, ಮಕ್ಕಳಿಗೆ ಹೂವು, ಊಟದಲ್ಲಿ ಸಿಹಿ. ಇದು ಬಹು ಸಂತೋಷದ ವಿಷಯ.

ಆದರೂ 2011ರ ಜನಗಣತಿಯಲ್ಲಿ ಕರ್ಣಾಟಕದ ಗಂಡಸರಲ್ಲಿ ಅಕ್ಷರಸ್ಥರು ನೂರಕ್ಕೆ 82.47 ಇದ್ದರೆ ಹೆಂಗಸರಲ್ಲಿ 68.08 ಮಾತ್ರ ಇದ್ದರು. ಹದಿನಾಲ್ಕು ಅಂಶಗಳ ಈ ಅಂತರವು ಎಲ್ಲಿಂದ ಬಂದಿತು? ಓನಾಮವೇ ಆಗದವರು ಕೆಲವರು. ಓನಾಮವಾಗಿಯೂ ಪಾಠಶಾಲೆಯನ್ನು ಬೇಗನೆ ಬಿಟ್ಟು, ಕಲಿತ ನಾಲ್ಕಕ್ಷರವನ್ನೂ ಮರೆತವರು ಕೆಲವರು. ಇಂದಿನ ದಿನಗಳಲ್ಲಿ ನಮಗೆ ಭಯವಿರುವುದು ಮೊದಲನೆಯ ಅಕ್ಷರದ ವಿಷಯದಲ್ಲಿ ಅಷ್ಟಾಗಿ ಇಲ್ಲ. ಕಾನೂನಿನ ಕೈಯು ಹದಿನಾಲ್ಕನೆಯ ವರ್ಷಕ್ಕೆ ಮಗುವನ್ನು ಬಿಟ್ಟುಬಿಡುವುದು. ಪ್ರೌಢಶಾಲೆಯು ದೂರವಿರುವುದು, ಮನೆಯಲ್ಲಿ ಕೈಯಾಸರೆ ಬೇಕಾಗುವುದು, ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗದಿರುವುದು, ‘ಇನ್ನು ಓದಿ ಮಾಡಬೇಕಾದುದೇನು’ ಎಂದು ಯಾರೋ ಹಿರಿಯರು ಒಂದು ಮಾತನ್ನಾಡುವುದು, ಇವೆಲ್ಲವೂ ಒಟ್ಟಿಗೆ ಬಂದು ನಿಲ್ಲುವುದು ಆ ವಯಸ್ಸಿನಲ್ಲಿಯೇ. ಆಗ ಮಗುವಿನ ಬೆರಳನ್ನು ಹಿಡಿಯಬೇಕಾದುದು ಮನೆ. ಮೂರನೆಯ ವಯಸ್ಸಿನಲ್ಲಿ ಹಿಡಿದು ಹದಿನಾಲ್ಕರಲ್ಲಿ ಬಿಟ್ಟ ಕೈಯಿಂದ ಏನು ಪ್ರಯೋಜನ?

ನಮಗೆ ಪರಿಚಿತವಾದ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವೆವು. ಆ ಮನೆಯಲ್ಲಿ ಪಾಠಶಾಲೆ ತೆರೆಯುವ ಹಿಂದಿನ ಸಂಜೆ ಮಕ್ಕಳೆಲ್ಲರೂ ವಯಸ್ಸಿನ ಕ್ರಮದಲ್ಲಿ ಮಣೆಯ ಮೇಲೆ ಕುಳಿತು ಅಕ್ಕಿಯಲ್ಲಿ ಒಂದು ಮಾತನ್ನು ಬರೆಯುವುದು ವಾಡಿಕೆ. ಒಂದು ವರ್ಷ ಹಿರಿಯ ಹುಡುಗಿಯು ಎಂಟನೆಯ ತರಗತಿಯನ್ನು ಮುಗಿಸಿದ್ದಳು. ಒಂಬತ್ತನೆಯ ತರಗತಿಗೆ ಪಕ್ಕದ ಊರಿಗೆ ಹೋಗಬೇಕು. ತಾಯಿಗೆ ದೇಹಸ್ಥಿತಿ ಸರಿಯಿರಲಿಲ್ಲ. ಬಾಯಿಬಿಟ್ಟು ಯಾರೂ ಹೇಳದಿದ್ದರೂ ಹುಡುಗಿಯ ಓದು ನಿಲ್ಲುವುದೆಂಬುದು ಮನೆಯವರಿಗೆಲ್ಲ ಗೊತ್ತಿದ್ದಿತು. ಅವಳ ಸರದಿ ಬಂದಾಗ “ಈ ಸಲ ನಾನು ಕೂತುಕೊಳ್ಳುವುದಿಲ್ಲ ಅಜ್ಜಿ” ಎಂದು ಅಡಿಗೆಮನೆಯ ಕಡೆಗೆ ತಿರುಗಿದಳು. ಅಜ್ಜಿಗೆ ಎಪ್ಪತ್ತು ದಾಟಿದ್ದಿತು, ಅಕ್ಷರದ ಗಂಧವಿರಲಿಲ್ಲ. ಆಕೆ ಎದ್ದು ಬಂದು ತಾನೇ ಆ ಮಣೆಯ ಮೇಲೆ ಕುಳಿತು, “ನೀನು ಕೂರದಿದ್ದರೆ ಬೇಡ. ನನಗಾದರೂ ಬರೆಯಿಸು ಬಾ ಮಗಳೆ. ನನ್ನ ಕೈ ಹಿಡಿದುಕೊಳ್ಳುವವರು ಆಗ ಯಾರೂ ಇರಲಿಲ್ಲ” ಎಂದರು. ಹುಡುಗಿಯು ಅಜ್ಜಿಯ ಬೆರಳನ್ನು ಹಿಡಿದು ಅವರ ಹೆಸರಿನ ಮೊದಲಕ್ಷರವನ್ನು ಅಕ್ಕಿಯಲ್ಲಿ ಬರೆಯಿಸಿದಳು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, “ಇಷ್ಟೇನೆ?” ಎಂದು ಕೇಳಿದರಂತೆ. ಹುಡುಗಿಯ ತಂದೆ ಅಲ್ಲಿಯೇ ನಿಂತಿದ್ದರು. ಆ ರಾತ್ರಿ ಅವರು ನೆರೆಮನೆಗೆ ಹೋಗಿ, ಪಕ್ಕದ ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆಂಬುದನ್ನು ವಿಚಾರಿಸಿಕೊಂಡು ಬಂದರು. ಮನೆಗೆಲಸವನ್ನು ಉಳಿದವರು ಹಂಚಿಕೊಂಡರು. ಹುಡುಗಿಯು ಓದನ್ನು ಮುಂದುವರಿಸಿದಳು.

ಹರಿವಾಣದ ಅಕ್ಕಿಗೆ ಯಾವ ಮಂತ್ರಶಕ್ತಿಯೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಮಣೆಯನ್ನು ಹಾಕುವ ವಾಡಿಕೆಯು ಆ ಮನೆಯಲ್ಲಿ ಇದ್ದುದರಿಂದಲೇ ಒಬ್ಬಳ ಸ್ಥಳವು ಬರಿದಾಗುತ್ತಿರುವುದು ಎಲ್ಲರ ಕಣ್ಣಿಗೂ ಬಿದ್ದಿತು. ವಾಡಿಕೆಯಿಲ್ಲದ ಮನೆಯಲ್ಲಿ ಅದು ಸದ್ದಿಲ್ಲದೆ ನಡೆದುಹೋಗುತ್ತಿದ್ದಿತು.

ನಡೆಯಿಸಬೇಕಾದ ಬಗೆ

ಈ ವಾರ್ಷಿಕ ಓನಾಮಕ್ಕೆ ಪುರೋಹಿತರೂ ಬೇಡ, ಮುಹೂರ್ತವೂ ಬೇಡ, ಖರ್ಚೂ ಬೇಡ. ಪಾಠಶಾಲೆ ತೆರೆಯುವ ದಿನದ ಬೆಳಗ್ಗೆ ಮನೆಯಲ್ಲಿ ಸಮಾಧಾನವಿರದು. ಆದುದರಿಂದ ಹಿಂದಿನ ಸಂಜೆಯೇ ಉತ್ತಮ. ದೀಪವನ್ನು ಹಚ್ಚಿ, ಒಂದು ಹರಿವಾಣದಲ್ಲಿ ಅಕ್ಕಿಯನ್ನು ಹರಡಿ, ಎಲ್ಲಕ್ಕಿಂತ ಕಿರಿಯ ಮಗುವಿನಿಂದ ಮೊದಲುಮಾಡಿ ಒಬ್ಬೊಬ್ಬರನ್ನಾಗಿ ಕುಳ್ಳಿರಿಸಬೇಕು. ಕಿರಿಯದರ ಕೈಯನ್ನು ಅದಕ್ಕಿಂತ ದೊಡ್ಡದಾದ ಮಗುವೇ ಹಿಡಿಯಲಿ. ಚಿಕ್ಕವರು ‘ಶ್ರೀ’ ಎಂದೋ ತಮ್ಮ ಹೆಸರನ್ನೋ ಬರೆಯಲಿ. ದೊಡ್ಡ ಮಕ್ಕಳು ಕಳೆದ ವರ್ಷ ತಮಗೆ ಬಹಳ ಕಷ್ಟವೆನಿಸಿದ ಪಾಠದ ಹೆಸರನ್ನು ಬರೆಯಲಿ. ಹೀಗೆ ಮಾಡಿದರೆ, ಮಕ್ಕಳು ಬಾಯಿಬಿಟ್ಟು ಹೇಳಲು ನಾಚುವ ಸಂಗತಿಯು ತಂದೆತಾಯಿಗಳಿಗೆ ವರ್ಷದ ಆರಂಭದಲ್ಲಿಯೇ ತಿಳಿದುಬರುವುದು. ಯಾರು ಯಾವುದನ್ನು ಬರೆದರೂ ಅಂದು ಗದರಿಸಕೂಡದು, ಅಂಕಗಳ ಮಾತನ್ನು ತೆಗೆಯಕೂಡದು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗುವನ್ನು ಅಂದು ಎಲ್ಲರಂತೆಯೇ ಮಣೆಯ ಮೇಲೆ ಕುಳ್ಳಿರಿಸುವುದು ಅತ್ಯಂತ ಮುಖ್ಯ. ಬೆಳೆ ಬಾರದ ವರ್ಷದ ಮರುವರ್ಷ ರೈತನು ಕೂರಿಗೆಯನ್ನು ಮೂಲೆಗೆ ಎಸೆಯುವುದಿಲ್ಲ.

ತೀರ ಎಳೆಯ ಮಕ್ಕಳನ್ನು ಬಲವಂತಮಾಡಿ ಬರೆಯಿಸುವುದು ತರವಲ್ಲ. ಮೂರು ವರ್ಷದ ಮಗುವಿನ ಬೆರಳುಗಳು ಬರವಣಿಗೆಗೆ ಇನ್ನೂ ಬಲಿತಿರುವುದಿಲ್ಲ. ಅದು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಎರಚಿದರೂ ಅದೇ ಅದರ ಓನಾಮವೆಂದು ನಕ್ಕುಬಿಡಬೇಕು. ಕೈಯಲ್ಲಿರುವ ಫೋನಿನಲ್ಲಿ ಚಿತ್ರ ತೆಗೆಯುವ ಆತುರದಿಂದ ಮಗುವನ್ನು ಹತ್ತು ಸಲ ಎಬ್ಬಿಸಿ ಕುಳ್ಳಿರಿಸುವುದೂ ಬೇಡ.

ಬರೆದಾದ ಮೇಲೆ ಪುಸ್ತಕಗಳ ಕೆಲಸ. ಹೊಸ ಪುಸ್ತಕಗಳಿಗೆ ಕಾಗದದ ಹೊದಿಕೆಯನ್ನು ಹಾಕುವುದು, ಹೆಸರಿನ ಚೀಟಿಯನ್ನು ಅಂಟಿಸುವುದು, ಮೂಲೆಗೆ ಅರಿಸಿನವನ್ನು ಹಚ್ಚುವುದು, ಬರೆಯುವ ಪುಸ್ತಕದ ಮೊದಲ ಪುಟದ ತಲೆಯಲ್ಲಿ ‘ಶ್ರೀ’ ಎಂದು ಬರೆಯುವುದು ನಮ್ಮಲ್ಲಿ ಬಹಳ ಮನೆಗಳ ವಾಡಿಕೆ. ಇದನ್ನು ತಂದೆಯೂ ಮಕ್ಕಳೊಡನೆ ನೆಲದ ಮೇಲೆ ಕುಳಿತು ಮಾಡಿದರೆ ಒಳ್ಳೆಯದು. ಮಗನ ಪುಸ್ತಕದಲ್ಲಿ ಏನಿದೆಯೆಂಬುದನ್ನು ವರ್ಷಕ್ಕೊಮ್ಮೆಯಾದರೂ ಅವನು ನೋಡಿದಂತಾಗುವುದು. ಕಳೆದ ವರ್ಷದ ಪುಸ್ತಕಗಳಲ್ಲಿ ಚೆನ್ನಾಗಿರುವುವನ್ನು ಆರಿಸಿ ಬೇಕಾದ ಮಕ್ಕಳಿಗೆ ಕೊಡಬೇಕು.

ಬಳ್ಳಾರಿಯ ಹಳೆಯ ಪದ್ಧತಿಯಂತೆ ನೆರೆಹೊರೆಯ ಮಕ್ಕಳನ್ನು, ಮುಖ್ಯವಾಗಿ ಅದೇ ಪಾಠಶಾಲೆಗೆ ಹೋಗುವವರನ್ನು, ಕರೆಯಬೇಕೆಂಬುದು ನಮ್ಮ ಇನ್ನೊಂದು ಸೂಚನೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಮಗುವನ್ನು ಆ ಸಂಜೆ ಅವಶ್ಯವಾಗಿ ಕರೆಯಿರಿ. ಅದು ಬಾಗಿಲಲ್ಲಿ ನಿಂತು ನೋಡಲೆಂದಲ್ಲ. ನಿಮ್ಮ ಮಗುವು ಕುಳಿತ ಮಣೆಯ ಮೇಲೆಯೇ, ಅದೇ ಅಕ್ಕಿಯಲ್ಲಿ ಬರೆಯಲೆಂದು. ಒಂದು ಸ್ಲೇಟು, ನಾಲ್ಕು ಬಳಪ, ಎರಡು ಬರೆಯುವ ಪುಸ್ತಕಗಳನ್ನು ಕೊಟ್ಟು ಕಳುಹಿಸಿದರೆ ಒಂದು ಸೀರೆಯ ಬೆಲೆಯ ಹತ್ತರಲ್ಲೊಂದು ಭಾಗವೂ ಖರ್ಚಾಗದು.

ಕೊನೆಗೆ ಹಿರಿಯರು ಒಬ್ಬೊಬ್ಬರೂ ತಮಗೆ ಮೊದಲು ಅಕ್ಷರವನ್ನು ಕಲಿಸಿದವರ ಹೆಸರನ್ನು ಹೇಳಲಿ. ಇದು ಉಪದೇಶಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡುವುದು.

ಹಯಗ್ರೀವದ ಪ್ರಸಾದ

ಹಬ್ಬವೆಂದ ಮೇಲೆ ಸಿಹಿಯಿಲ್ಲದೆ ಆಗದು. ಆ ಸಂಜೆಗೆ ಒಪ್ಪುವ ಸಿಹಿಯು ಹಯಗ್ರೀವ. ಹಯಗ್ರೀವನು ವಿದ್ಯೆಗೆ ಅಧಿದೇವತೆಯಾದ ಕುದುರೆಮೊಗದ ದೇವರು. ಸೋದೆಯ ವಾದಿರಾಜಸ್ವಾಮಿಗಳು ಈ ಭಕ್ಷ್ಯದ ಹರಿವಾಣವನ್ನು ತಲೆಯ ಮೇಲಿಟ್ಟುಕೊಳ್ಳುತ್ತಿದ್ದರೆಂದೂ, ದೇವರು ಕುದುರೆಯ ರೂಪದಿಂದ ಹಿಂದೆ ಬಂದು ಅದನ್ನು ತಿನ್ನುತ್ತಿದ್ದನೆಂದೂ ಐತಿಹ್ಯವುಂಟು. ಮಕ್ಕಳಿಗೆ ಈ ಕಥೆಯನ್ನು ಹೇಳಿ ಬಡಿಸಿದರೆ ಅವರು ಇನ್ನೊಂದು ಸಲ ಕೇಳುವರು.

ಒಂದು ಅಳತೆ ಕಡಲೆಬೇಳೆಯನ್ನು ತೊಳೆದು ಬೇಯಿಸಬೇಕು. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಕರಗಿ ಹಿಟ್ಟಾಗಿರಬಾರದು. ನೀರನ್ನು ಬಸಿದು ಬೇರೆ ಇಡಿರಿ. ಆ ಕಟ್ಟಿನಿಂದ ರಾತ್ರಿಗೆ ಒಳ್ಳೆಯ ಸಾರಾಗುವುದು. ಬೇಳೆಗೆ ಒಂದೂಕಾಲು ಅಳತೆ ಪುಡಿಮಾಡಿದ ಬೆಲ್ಲವನ್ನು ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಬೆಲ್ಲವು ಕರಗಿ ಬೇಳೆಯೊಡನೆ ಕೂಡಿ ಗಟ್ಟಿಯಾಗುವವರೆಗೆ ಇಡಬೇಕು. ಅರ್ಧ ಅಳತೆ ತುರಿದ ಒಣಕೊಬ್ಬರಿ, ಸ್ವಲ್ಪ ಹುರಿದ ಗಸಗಸೆ, ಏಲಕ್ಕಿಯ ಪುಡಿಗಳನ್ನು ಹಾಕಿ, ಕಾಲು ಅಳತೆ ತುಪ್ಪದಲ್ಲಿ ಗೋಡಂಬಿ ದ್ರಾಕ್ಷಿಗಳನ್ನು ಹುರಿದು ತುಪ್ಪದ ಸಮೇತ ಸುರಿದು ಇಳಿಸಬೇಕು. ಓನಾಮಕ್ಕೆ ಹರಡಿದ ಅಕ್ಕಿಯನ್ನು ಮರುದಿನ ಪಾಯಸಕ್ಕೆ ಉಪಯೋಗಿಸಬಹುದು.

ಮರುದಿನದಿಂದ ಮುಂದೆ

ಅಕ್ಕಿಯ ಮೇಲೆ ಬರೆದ ಅಕ್ಷರವು ಕೈಯಾಡಿಸಿದರೆ ಅಳಿದುಹೋಗುವುದು. ಅದನ್ನು ಉಳಿಸುವುದು ಮರುದಿನದಿಂದ ಮನೆಯಲ್ಲಿ ನಡೆಯುವ ಕೆಲಸ. ಎಷ್ಟೋ ಮಕ್ಕಳು ಈಗ ಇಂಗ್ಲಿಷ್ ಮಾಧ್ಯಮದ ಪಾಠಶಾಲೆಗಳಿಗೆ ಹೋಗುತ್ತಿರುವರು. ಮನೆಯಲ್ಲಿ ಕನ್ನಡದಲ್ಲಿ ಓನಾಮವನ್ನು ಮಾಡಿಸಿ, ಅದಾದ ಮೇಲೆ ವರ್ಷಗಟ್ಟಲೆ ಒಂದು ಕನ್ನಡದ ಸಾಲನ್ನೂ ಓದಿಸದಿದ್ದರೆ ಆ ಮಗುವಿಗೆ ತನ್ನ ಅಜ್ಜಿಯ ಕಾಗದವು ಓದಲು ಬಾರದಂತಾಗುವುದು. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪುಟವನ್ನು ಓದಿಸಿಕೊಂಡರೆ ಸಾಕು.

ಇಲ್ಲಿ ಹಿರಿಯರಿಗೆ ಒಂದು ಮಾತನ್ನು ತಿಳಿಸಬೇಕಾಗಿದೆ. ಮಗುವು ಪಾಠಶಾಲೆಯಿಂದ ಬಂದು ‘ಅ ಆ ಇ ಈ’ ಎನ್ನದೆ ‘ರ ಗ ಸ ದ ಅ’ ಎಂದರೆ ಗಾಬರಿಯಾಗಬಾರದು. ಕನ್ನಡದ ವರ್ಣಮಾಲೆಯಲ್ಲಿ ಇಂದು ಎಣಿಸುವ 49 ಅಕ್ಷರಗಳನ್ನು, ಆಕಾರದಲ್ಲಿ ಒಂದನ್ನೊಂದು ಹೋಲುವುವನ್ನು ಒಟ್ಟಿಗೆ ಸೇರಿಸಿ, ಬರೆಯಲು ಸುಲಭವಾದುವನ್ನು ಮೊದಲು ಕಲಿಸುವ ಕ್ರಮವಿದು. ಈ ಐದೇ ಅಕ್ಷರಗಳಿಂದ ‘ಸರ’, ‘ಅರಸ’, ‘ಗರಗಸ’ ಮೊದಲಾದ ಮಾತುಗಳನ್ನು ಮಗುವು ಮೊದಲ ವಾರಗಳಲ್ಲಿಯೇ ಓದಬಲ್ಲುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಾಡಿನಲ್ಲೆಲ್ಲ ಹರಡಿದ ನಲಿ-ಕಲಿ ಪದ್ಧತಿಯ ಪಾಠಶಾಲೆಗಳಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಹೀಗೆಯೇ ಕಲಿಯುತ್ತಿರುವರು. ಅಜ್ಜಿಯ ‘ಅ ಆ ಇ ಈ’ಯೂ ಉಪಾಧ್ಯಾಯರ ‘ರ ಗ ಸ ದ ಅ’ವೂ ಜಗಳವಾಡಬೇಕಾದ ಕಾರಣವಿಲ್ಲ, ಒಂದು ಬಾಯಿಪಾಠಕ್ಕೆ, ಮತ್ತೊಂದು ಬರವಣಿಗೆಗೆ.

ನವರಾತ್ರಿಯು ಬಂದಾಗ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೂಜೆಗೆ ಇಡುವ ಮನೆಗಳವರು ಇನ್ನೊಂದು ಕೆಲಸವನ್ನೂ ಮಾಡಬಹುದು. ಜೂನ್ ತಿಂಗಳಲ್ಲಿ ಮಗುವು ಅಕ್ಕಿಯಲ್ಲಿ ಬರೆದ ಕಷ್ಟದ ಪಾಠವು ಈಗ ಹೇಗಿದೆಯೆಂದು ವಿಜಯದಶಮಿಯಂದು ಪುಸ್ತಕವನ್ನು ತೆಗೆಯುವಾಗ ಮೆಲ್ಲನೆ ವಿಚಾರಿಸುವುದು. ಹೀಗೆ ವರ್ಷದ ಆರಂಭವೂ ನಡುವೂ ಒಂದಕ್ಕೊಂದು ಹೊಂದಿಕೊಳ್ಳುವುವು.

ಸೋದರ ಸೋದರಿಯರೆ, ಈ ವರ್ಷ ಪಾಠಶಾಲೆ ತೆರೆಯುವ ಹಿಂದಿನ ಸಂಜೆ ನಿಮ್ಮ ಮನೆಯಲ್ಲಿಯೂ ಒಂದು ಮಣೆಯನ್ನು ಹಾಕಿರಿ. ಹಾಕಿದ ಮೇಲೆ ನಿಮ್ಮ ಮಕ್ಕಳನ್ನೂ ನಿಮ್ಮ ಆಶ್ರಯದಲ್ಲಿರುವ ಮಕ್ಕಳನ್ನೂ ಒಮ್ಮೆ ಎಣಿಸಿರಿ. ಮಣೆಯ ಮೇಲೆ ಕೂರಬೇಕಾಗಿದ್ದ ಒಬ್ಬಳು ಅಡಿಗೆಮನೆಯಲ್ಲಿಯೋ, ಒಬ್ಬನು ಅಂಗಡಿಯಲ್ಲಿಯೋ ಉಳಿದುಬಿಟ್ಟಿದ್ದರೆ ಹೋಗಿ ಕರೆದುಕೊಂಡು ಬನ್ನಿರಿ. ಎಲ್ಲರೂ ಕುಳಿತ ಮೇಲೆ ದೀಪವನ್ನು ಹಚ್ಚಿರಿ. ನಿಮ್ಮ ಮಕ್ಕಳೆಲ್ಲರ ವಿದ್ಯೆಯೂ ಹೊಲದ ಪೈರಿನಂತೆ ನಡುವೆ ಒಣಗದೆ ತೆನೆಗಟ್ಟಲೆಂದು ನಾವು ಹಾರೈಸುವೆವು.